ಕತೆಗೊಂದು ಲೆಕ್ಕದ ಪುಸ್ತಕ

ಮಕ್ಕಳೇ, ಕತೆ ಓದಿ ಪ್ರಬಂಧ ಬರೆಯಿರಿ ಎಂದೊಡನೆ ನಿಮ್ಮ ಪೆನ್ನು ನೀತಿಯ ಕಡೆಗೆ ಓಡುತ್ತದೆ. ‘ಆಡಂಬರ ಬೇಡ, ದುರಾಸೆ ಕೆಟ್ಟದ್ದು’ ಎಂದು ಎರಡು ಸಾಲು ಬರೆದ ಮೇಲೆ ಮೂರನೆಯ ಸಾಲಿಗೆ ತಾತನ ಮುಖ ನೋಡುತ್ತೀರಿ. ತಾತನಿಗೂ ಹೊಳೆಯುವುದಿಲ್ಲ! ಈ ವಾರ ಇಬ್ಬರೂ ಒಟ್ಟಿಗೆ ಕುಳಿತು, ಒಂದು ಹಳೆಯ ಕತೆಯನ್ನು ಲೆಕ್ಕದ ಪುಸ್ತಕದಂತೆ ಓದೋಣ. ಒಂದು ಪೆನ್ಸಿಲ್, ಒಂದು ನೋಟ್‌ಬುಕ್ ಸಾಕು.

ಕತೆಯ ಹೆಸರು ‘ನೆಕ್ಲೇಸ್’. ಬರೆದವನು ಫ್ರಾನ್ಸಿನ ಮೊಪಾಸಾ. 1884ರಲ್ಲಿ ಪ್ಯಾರಿಸ್ಸಿನ ಪತ್ರಿಕೆಯೊಂದರಲ್ಲಿ ಅಚ್ಚಾಯಿತು. ಮೊಪಾಸಾ ಕೂಡ ಕೆಲವು ವರ್ಷ ಸರ್ಕಾರಿ ಕಚೇರಿಯಲ್ಲಿ ಗುಮಾಸ್ತನಾಗಿದ್ದವನು. ಕತೆಯ ಲುವಾಜೆಲ್ ಸಹ ಶಿಕ್ಷಣ ಇಲಾಖೆಯ ಗುಮಾಸ್ತ. ಓದದೇ ಇದ್ದವರು ಮೊದಲು ಓದಿ ಬನ್ನಿ. ಮುಂದೆ ನಾನು ಕೊನೆಯ ಗುಟ್ಟನ್ನೂ ಹೇಳಿಬಿಡುತ್ತೇನೆ.

ಲುವಾಜೆಲ್‌ನ ಹೆಂಡತಿ ಮಟಿಲ್ಡಾ ದೊಡ್ಡವರ ಔತಣಕ್ಕೆ ಹೋಗಲು ಗೆಳತಿಯಿಂದ ವಜ್ರದ ಹಾರ ಎರವಲು ತರುತ್ತಾಳೆ. ಹಾರ ಕಳೆದುಹೋಗುತ್ತದೆ. ಗಂಡ ಹೆಂಡತಿ ಗೆಳತಿಗೆ ತಿಳಿಸದೆ ಅಂಥದೇ ಹಾರ ಕೊಂಡು ಹಿಂದಿರುಗಿಸಿ, ಹತ್ತು ವರ್ಷ ದುಡಿದು ಸಾಲ ತೀರಿಸುತ್ತಾರೆ. ಆಮೇಲೆ ಗೊತ್ತಾಗುತ್ತದೆ, ಎರವಲು ತಂದದ್ದು ನಕಲಿ ಹಾರ!

ಮೊದಲ ಸಲ ಕತೆಗಾಗಿ ಓದಿ. ಎರಡನೆಯ ಸಲ ಅಂಕಿ ಕಂಡಲ್ಲೆಲ್ಲ ಗೆರೆ ಎಳೆಯಿರಿ. ಔತಣದ ಉಡುಪಿಗೆ 400 ಫ್ರಾಂಕ್. ಅದು ಗಂಡ ಬಂದೂಕು ಕೊಳ್ಳಲು ಕೂಡಿಟ್ಟಿದ್ದ ಹಣ. ಹೊಸ ಹಾರಕ್ಕೆ 36,000. ಅದರಲ್ಲಿ 18,000 ಅಪ್ಪ ಬಿಟ್ಟುಹೋದದ್ದು, ಉಳಿದ 18,000 ಸಾಲ. ಕಳೆದ ಹಾರದ ಬೆಲೆ ಹೆಚ್ಚೆಂದರೆ 500.

ಗಂಡ ಸಂಜೆ ವ್ಯಾಪಾರಿಯೊಬ್ಬನ ಲೆಕ್ಕ ಬರೆಯುತ್ತಾನೆ, ರಾತ್ರಿ ಪುಟಕ್ಕೆ 5 ಸೂ ನಂತೆ ನಕಲು ಮಾಡುತ್ತಾನೆ. 20 ಸೂ ಸೇರಿದರೆ ಒಂದು ಫ್ರಾಂಕ್. ಬರೀ ನಕಲು ಮಾಡಿಯೇ 18,000 ಫ್ರಾಂಕ್ ತೀರಿಸುವುದಾದರೆ ಎಷ್ಟು ಪುಟ? ಮಕ್ಕಳೇ, ನೀವೇ ಗುಣಿಸಿ. 72,000 ಪುಟ! ಒಂದು ರಾತ್ರಿಯೂ ತಪ್ಪದೆ ಹತ್ತು ವರ್ಷ ಬರೆದರೂ ದಿನಕ್ಕೆ ಸುಮಾರು 20 ಪುಟ. ಇದು ಅಸಲು ಮಾತ್ರ; ಚಕ್ರಬಡ್ಡಿ ಬೇರೆ ಇತ್ತು. ‘ಹತ್ತು ವರ್ಷ ಕಷ್ಟಪಟ್ಟರು’ ಎಂಬ ಮಾತಿನ ತೂಕ ಈಗ ತಿಳಿಯಿತಲ್ಲವೇ?

ಇನ್ನು ಖರ್ಚನ್ನು ಯಾವ ಖಾತೆಗೆ ಬರೆಯೋಣ? ಆಡಂಬರದ ಖಾತೆಗೆ 400. ಹಾರ ತಂದದ್ದಕ್ಕೆ ಬಾಡಿಗೆಯಿಲ್ಲ. ಕಳೆದದ್ದು ಆಕಸ್ಮಿಕ. ಗೆಳತಿಯ ಬಳಿ ನಿಜ ಹೇಳಿದ್ದರೆ ನಷ್ಟ 500ಕ್ಕೆ ಮುಗಿಯುತ್ತಿತ್ತು. ಹಾಗಾದರೆ 36,000 ಬಂದು ಬೀಳುವುದು ಮುಚ್ಚಿಟ್ಟ ಮಾತಿನ ಖಾತೆಗೆ. ಇಲ್ಲಿ ಪ್ರಬಂಧಕ್ಕೊಂದು ಪ್ರಶ್ನೆ ಹುಟ್ಟಿತು: ಇವರ ಹತ್ತು ವರ್ಷ ನುಂಗಿದ್ದು ಆಡಂಬರವೋ, ನಿಜ ಹೇಳಲು ಅಡ್ಡಬಂದ ನಾಚಿಕೆಯೋ?

ಬ್ಯಾಂಕಿನಲ್ಲಿ ವೋಚರ್ ಇಲ್ಲದೆ ಎಂಟ್ರಿ ಹಾಕುವಂತಿಲ್ಲ. ಪ್ರಬಂಧಕ್ಕೂ ಅದೇ ನಿಯಮ. ಪ್ರತಿ ಮಾತಿಗೂ ಕತೆಯೊಳಗಿನ ಸಾಕ್ಷಿ ಬೇಕು. ಹುಡುಕಿ. ಹಾರದ ಕೊಂಡಿ ಮುರಿದಿದೆ, ರಿಪೇರಿಗೆ ಕೊಟ್ಟಿದ್ದೇವೆ ಎಂದು ಗೆಳತಿಗೆ ಸುಳ್ಳು ಪತ್ರ ಹೋಗುತ್ತದೆ, ಇದು ಒಂದು. ಪೆಟ್ಟಿಗೆಯ ಮೇಲೆ ಹೆಸರಿದ್ದ ಒಡವೆ ವ್ಯಾಪಾರಿ, ಹಾರ ತನ್ನದಲ್ಲ, ಪೆಟ್ಟಿಗೆ ಮಾತ್ರ ತನ್ನದು ಎನ್ನುತ್ತಾನೆ. ಆಗಲೂ ಇವರಿಗೆ ಗೆಳತಿಯನ್ನು ಕೇಳಬೇಕೆನಿಸುವುದಿಲ್ಲ. ಇದು ಎರಡು. ಹಾರ ಹಿಂದಿರುಗಿಸುವಾಗ ಗೆಳತಿ ಪೆಟ್ಟಿಗೆ ತೆರೆದುಬಿಟ್ಟಾಳೆಂದು ಮಟಿಲ್ಡಾ ಹೆದರುತ್ತಾಳೆ, ಇದು ಮೂರು.

ಎದುರು ಬದಿಯ ವೋಚರನ್ನೂ ಬಚ್ಚಿಡಬಾರದು. ಒಡವೆ ಯಾಕೆ, ಹತ್ತು ಫ್ರಾಂಕ್ ಕೊಟ್ಟರೆ ಚೆಂದದ ಗುಲಾಬಿ ಸಿಗುತ್ತದೆ, ಮುಡಿದುಕೋ ಎಂದು ಗಂಡ ಹೇಳಿದ್ದ. ಅವಳು ಒಪ್ಪಲಿಲ್ಲ. ಇದು ಆಡಂಬರದ ಕಡೆಯ ಸಾಕ್ಷಿ. ಎರಡೂ ಬದಿ ಬರೆದು ಕೂಡಿಸಿದ ಮೇಲೆಯೇ ತೀರ್ಪು.

ಈಗ ಮೊದಲ ಪ್ಯಾರಾ ತಾನಾಗಿ ಬರುತ್ತದೆ. ಹೀಗೆ ಬರೆಯಬಹುದು: ನೆಕ್ಲೇಸ್ ಕತೆಯನ್ನು ಆಡಂಬರದ ಕತೆ ಎಂದು ಓದುವವರು ಬಹಳ. ಆದರೆ ಇದರಲ್ಲಿ ಆಡಂಬರಕ್ಕಾದ ಖರ್ಚು 400 ಫ್ರಾಂಕ್, ನಿಜ ಮುಚ್ಚಿಟ್ಟದ್ದಕ್ಕಾದ ಖರ್ಚು 36,000. ಈ ಅಂತರ ಯಾಕೆ ಬಂತೆಂದು ಕತೆಯ ಸಾಕ್ಷಿಗಳಿಂದಲೇ ನೋಡೋಣ.

ಅಷ್ಟೇ. ವಿಷಯ, ಪ್ರಶ್ನೆ, ದಾರಿ ಮೂರೂ ಬಂದವು. ಮಟಿಲ್ಡಾಳಿಗೂ ನ್ಯಾಯ ಸಿಕ್ಕಿತು. ಏಕೆಂದರೆ ಕಾಸು ಬಿಡದೆ ಸಾಲ ತೀರಿಸಿದವಳನ್ನು ‘ಆಡಂಬರದವಳು’ ಎಂದು ಒಂದೇ ಮಾತಿನಲ್ಲಿ ಮುಗಿಸುವುದು ಸರಿಯಲ್ಲ.

ಅಜ್ಜ ಅಜ್ಜಿಯರಿಗೊಂದು ಮಾತು. ಗೆಳೆಯನ ಜಾಮೆಟ್ರಿ ಬಾಕ್ಸ್ ಕಳೆದುಕೊಂಡ ಮೊಮ್ಮಗ ಮನೆಯಲ್ಲಿ ಬಾಯಿ ಬಿಡದೆ ಒಳಗೊಳಗೇ ಕೊರಗುವುದುಂಟು. ಕತೆ ಓದಿ ಮುಗಿಸಿದ ಮೇಲೆ, ‘ನೀನಾಗಿದ್ದರೆ ಮೊದಲು ಯಾರಿಗೆ ಹೇಳುತ್ತಿದ್ದೆ?’ ಎಂದು ಕೇಳಿ. ಉತ್ತರ ಬಂದ ಕೂಡಲೇ ಬೈಯಬೇಡಿ. ಮಕ್ಕಳೇ, ಆ ಉತ್ತರವನ್ನೂ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಿ. ಪ್ರಬಂಧದ ಕೊನೆಯ ಪ್ಯಾರಾಕ್ಕೆ ಬೇಕಾಗುತ್ತದೆ.