ಕೊಡುವ ಕೈ ದಣಿಯುವುದೇಕೆ?

ಕೃಷ್ಣಾಷ್ಟಮಿಯ ಮರುದಿನ ಉಡುಪಿಯ ರಥಬೀದಿಯಲ್ಲಿ ವಿಟ್ಲಪಿಂಡಿ ಉತ್ಸವ. ಹುಲಿವೇಷದ ತಾಸೆಯ ಸದ್ದು, ಮೊಸರುಕುಡಿಕೆ, ಕಾಲಿಡಲು ಜಾಗವಿಲ್ಲದಷ್ಟು ಜನ. ಆ ಜನಸಾಗರದ ನಡುವೆ ಯಾವ ಪುರಾಣದಲ್ಲೂ ಇಲ್ಲದ ಒಂದು ಆಕೃತಿಯನ್ನು ಕರಾವಳಿಯವರು ವರ್ಷ ವರ್ಷ ಕಾದು ನೋಡಿದ್ದಾರೆ. ಹಾಲಿವುಡ್ ಸಿನಿಮಾದಿಂದ ಎದ್ದು ಬಂದಂಥ ಮುಖ, ಮೈಗೆಲ್ಲ ಅಂಟಿಸಿದ ಚರ್ಮ, ಸುತ್ತ ಡಬ್ಬಿ ಹಿಡಿದ ಗೆಳೆಯರು. ವೇಷದ ಒಳಗಿದ್ದವರು ಕಟಪಾಡಿಯ ರವಿ. ಉಳಿದ ದಿನಗಳಲ್ಲಿ ಕಟ್ಟಡ ಕಾರ್ಮಿಕ. ಬಣ್ಣ ಹಚ್ಚುವುದಕ್ಕೇ ಗಂಟೆಗಟ್ಟಲೆ ಬೇಕು. ಆಮೇಲೆ ವೇಷ ಕಳಚುವ ತನಕ ಸರಿಯಾದ ಊಟವಿಲ್ಲ, ನಿದ್ದೆಯಿಲ್ಲ. ಡಬ್ಬಿಗೆ ಬಿದ್ದ ಹಣವೆಲ್ಲ ಕಾಯಿಲೆಯ ಮಕ್ಕಳ ಚಿಕಿತ್ಸೆಗೆ. ಹೀಗೆ ಅವರೂ ಅವರ ಗೆಳೆಯರೂ ಕೂಡಿಸಿದ್ದು ವರ್ಷಗಳು ಕಳೆದಂತೆ ಕೋಟಿ ರೂಪಾಯಿ ದಾಟಿತು.

ಅಷ್ಟಮಿಗೆ, ನವರಾತ್ರಿಗೆ ವೇಷ ಹಾಕಿ ಅಂಗಡಿ, ಮನೆಗಳ ಮುಂದೆ ಕಾಣಿಕೆ ಪಡೆಯುವುದು ಕರಾವಳಿಯಲ್ಲಿ ಹಳೆಯ ರೂಢಿ. ರವಿ ಕಟಪಾಡಿ ಹೊಸ ಹಬ್ಬವನ್ನೇನೂ ಹುಟ್ಟುಹಾಕಲಿಲ್ಲ. ಇದ್ದ ಹಬ್ಬಕ್ಕೆ, ಜನ ಹೇಗೂ ಕೈಯಲ್ಲಿ ಚಿಲ್ಲರೆ ಹಿಡಿದು ಬರುವ ದಿನಕ್ಕೆ, ಒಂದು ದೊಡ್ಡ ಉದ್ದೇಶವನ್ನು ಸೇರಿಸಿದರು. ಪ್ರತಿ ವರ್ಷ ವೇಷ ಬದಲಾಯಿತು, ಉದ್ದೇಶ ಬದಲಾಗಲಿಲ್ಲ. ಹತ್ತು ರೂಪಾಯಿ ಹಾಕಿದವನಿಗೂ ಅದು ಎಲ್ಲಿಗೆ ಹೋಗುತ್ತದೆ ಎಂದು ಮೊದಲೇ ಗೊತ್ತಿತ್ತು. ನಿಧಿ ಸಂಗ್ರಹದ ಕಾರ್ಯಕ್ರಮಗಳ ಬಗ್ಗೆ ಯೋಚಿಸುವಾಗಲೆಲ್ಲ ನನಗೆ ಮೊದಲು ನೆನಪಾಗುವುದು ಇದು.

ಇದರ ಪಕ್ಕದಲ್ಲಿ ನಮ್ಮ ಊರುಗಳ ಸಹಾಯಾರ್ಥ ಪ್ರದರ್ಶನವನ್ನು ಇಟ್ಟು ನೋಡಬೇಕು. ಶಾಲೆಯ ಕಟ್ಟಡಕ್ಕೋ ವೃದ್ಧಾಶ್ರಮದ ಚಾವಣಿಗೋ ಒಂದು ನಾಟಕ, ಒಂದು ರಸಮಂಜರಿ. ಸಮಿತಿಯ ಪ್ರತಿ ಸದಸ್ಯನ ಕೈಗೆ ಇಪ್ಪತ್ತು ಟಿಕೆಟ್ಟಿನ ಪುಸ್ತಕ. ಆತ ಹೋಗುವುದು ತನ್ನ ಪರಿಚಯದ ಮೆಡಿಕಲ್ ಶಾಪಿಗೆ, ಹಾರ್ಡ್‌ವೇರ್ ಅಂಗಡಿಗೆ, ಬ್ಯಾಂಕಿನ ಗೆಳೆಯನ ಬಳಿಗೆ. “ಎರಡು ಟಿಕೆಟ್ ಇಟ್ಕೊಳ್ಳಿ ಸಾರ್, ಬರೋಕೆ ಆಗ್ದಿದ್ರೂ ಪರವಾಗಿಲ್ಲ.” ಅಂಗಡಿಯವರು ಇಟ್ಟುಕೊಳ್ಳುತ್ತಾರೆ, ಬರುವುದಿಲ್ಲ. ಟಿಕೆಟ್ಟೆಲ್ಲ ಖರ್ಚಾದ ಸಭಾಂಗಣದಲ್ಲಿ ಅರ್ಧ ಕುರ್ಚಿ ಖಾಲಿ. ಬರುವ ವರ್ಷ ಮತ್ತೆ ಅದೇ ಅಂಗಡಿ, ಅದೇ ಮಾತು. ಮೂರನೆಯ ವರ್ಷ ಅವರು ಫೋನು ಎತ್ತುವುದಿಲ್ಲ. ಆಗ ಸಮಿತಿಯಲ್ಲಿ ಒಬ್ಬರು ನಿಟ್ಟುಸಿರು ಬಿಡುತ್ತಾರೆ: ಈಗ ಜನರಿಗೆ ಕೊಡುವ ಮನಸ್ಸೇ ಇಲ್ಲ.

ಮನಸ್ಸು ಇಲ್ಲವೆಂದಲ್ಲ. ‘ಬರದಿದ್ದರೂ ಪರವಾಗಿಲ್ಲ’ ಎನ್ನುವುದು ಕೊಡುವವನಿಗೆ ನಾವು ಮಾಡುವ ಅವಮಾನ. ನಿನ್ನ ಹಣ ಸಾಕು, ನೀನು ಬೇಡ ಎಂದು ಹೇಳಿದ ಹಾಗೆ. ಒಮ್ಮೆ ಬಂದು ಕೂತವರು, ಶಾಲೆಯ ಮಕ್ಕಳ ಜೊತೆ ಚಹಾ ಕುಡಿದವರು, ಸೋರುವ ಚಾವಣಿಯನ್ನು ಕಣ್ಣಾರೆ ಕಂಡವರು ಮರುವರ್ಷ ತಾವಾಗಿಯೇ ಕೇಳುತ್ತಾರೆ: ಈ ಸಲ ಯಾವಾಗ?

ಇನ್ನು ಖರ್ಚು. ಒಂದು ಕಾಲ್ಪನಿಕ ಲೆಕ್ಕ ಹಾಕಿ ನೋಡೋಣ. 200 ರೂಪಾಯಿಯ 600 ಟಿಕೆಟ್ ಮಾರಿದರೆ 1,20,000. ಸಭಾಂಗಣದ ಬಾಡಿಗೆ 25,000, ಧ್ವನಿ ಮತ್ತು ಬೆಳಕಿಗೆ 20,000, ಕಲಾವಿದರ ಸಂಭಾವನೆ, ಪ್ರಯಾಣ 35,000, ಫ್ಲೆಕ್ಸು ಮತ್ತು ಆಮಂತ್ರಣ 8,000, ಅತಿಥಿಗಳ ಶಾಲು, ಹಾರ, ಸ್ಮರಣಿಕೆ, ಉಪಾಹಾರಕ್ಕೆ 12,000. ಉಳಿಯುವುದು 20,000. ಅಂದರೆ 200 ರೂಪಾಯಿ ಕೊಟ್ಟವರ ಹಣದಲ್ಲಿ ಉದ್ದೇಶಕ್ಕೆ ತಲುಪುವುದು ಸುಮಾರು 33 ರೂಪಾಯಿ. ಕೊನೆಯ ಎರಡು ಬಾಬು ಕೈಬಿಟ್ಟರೆ ಸಾಕು, ಉಳಿತಾಯ ಇಮ್ಮಡಿಯಾಗುತ್ತದೆ. ಈ ಲೆಕ್ಕವನ್ನು ದಿನಾಂಕ ಗೊತ್ತುಮಾಡುವ ಮೊದಲೇ, ಸಮಿತಿಯ ಮೊದಲ ಸಭೆಯಲ್ಲೇ ಬರೆದು ಎಲ್ಲರ ಮುಂದೆ ಇಡಬೇಕು. ಕಾರ್ಯಕ್ರಮ ಮುಗಿದ ಮೇಲೆ ಹಾಕುವ ಲೆಕ್ಕದಿಂದ ಖರ್ಚು ಒಂದು ಪೈಸೆಯೂ ಕಡಿಮೆಯಾಗದು.

ಕಾರ್ಯಕ್ರಮ ಸಪ್ಪೆಯಾಯಿತು ಎನ್ನಿಸಿದಾಗ ಸಾಮಾನ್ಯವಾಗಿ ಹೊಳೆಯುವ ಉಪಾಯ ಇನ್ನೂ ದೊಡ್ಡ ಗಾಯಕರನ್ನೋ ಕಿರುತೆರೆಯ ತಾರೆಯನ್ನೋ ಕರೆಸುವುದು. ಖರ್ಚು ಏರುತ್ತದೆ, ಸೆಲ್ಫಿ ತೆಗೆದುಕೊಂಡು ಜನ ಹೋಗುತ್ತಾರೆ. ಹೊಸತನದ ಬೆರಗನ್ನೇ ನಂಬಿದರೆ ಏನಾಗುತ್ತದೆ ಎನ್ನುವುದಕ್ಕೆ 2014ರ ಐಸ್ ಬಕೆಟ್ ಚಾಲೆಂಜ್ ಇದೆ. ತಲೆಯ ಮೇಲೆ ತಣ್ಣೀರು ಸುರಿದುಕೊಂಡ ಆ ಬೇಸಿಗೆಯಲ್ಲಿ ಅಮೆರಿಕದ ಎಎಲ್‌ಎಸ್ ಅಸೋಸಿಯೇಷನ್‌ಗೆ ಸುಮಾರು 11.5 ಕೋಟಿ ಡಾಲರ್ ಹರಿದುಬಂತು. ನರಗಳನ್ನು ಕೊಲ್ಲುವ ಎಎಲ್‌ಎಸ್ ಕಾಯಿಲೆಯ ಸಂಶೋಧನೆಗೆ ಅದರಿಂದ ನಿಜವಾದ ಬಲ ಸಿಕ್ಕಿತು, ಅದನ್ನು ಅಲ್ಲಗಳೆಯಲಾಗದು. ಮರುವರ್ಷ ಅದೇ ಬಕೆಟ್ಟನ್ನು ಎತ್ತಿದಾಗ ಸಂಗ್ರಹ ಅದರ ಹತ್ತಿರಕ್ಕೂ ಬರಲಿಲ್ಲ.

ಬೆಂಗಳೂರಿನಲ್ಲಿ 2008ರಿಂದ ನಡೆಯುವ 10ಕೆ ಓಟದ ದಾರಿ ಬೇರೆ. ಓಟ ವರ್ಷ ವರ್ಷ ಅದೇ. ಆದರೆ ಓಡುವವರು ತಾವು ನಂಬಿದ ಒಂದು ಸಂಸ್ಥೆಯನ್ನು ಆರಿಸಿಕೊಂಡು ತಮ್ಮ ಬಂಧು, ಸಹೋದ್ಯೋಗಿಗಳ ಬಳಿ ಕೇಳಬಹುದು. ಮುಂಬೈ ಮ್ಯಾರಥಾನಿನಲ್ಲೂ ಇದೇ ಪದ್ಧತಿ. ಕೇಳುವವರು ಬದಲಾದಾಗ ಕೇಳಿಸಿಕೊಳ್ಳುವವರೂ ಬದಲಾಗುತ್ತಾರೆ. ಸಣ್ಣ ಊರಿನ ಸಮಿತಿಗೂ ಇದು ಕಷ್ಟವಲ್ಲ. ಇಪ್ಪತ್ತು ವರ್ಷದಿಂದ ಅದೇ ಏಳು ಮಂದಿ ಕೇಳುವ ಬದಲು ಹಳೆಯ ವಿದ್ಯಾರ್ಥಿಗಳು, ಮಹಿಳಾ ಸಂಘದವರು, ಆಟೊ ನಿಲ್ದಾಣದ ಹುಡುಗರು ಕೇಳಲಿ.

ಯೋಜನೆ ಎಂದರೆ ವೇದಿಕೆಯಷ್ಟೇ ಅಲ್ಲ, ಕಾಗದಪತ್ರವೂ ಹೌದು. 1971ರ ಆಗಸ್ಟ್ 1ರಂದು ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಸಿತಾರ್ ವಾದಕ ರವಿಶಂಕರ್ ಮತ್ತು ಗಾಯಕ ಜಾರ್ಜ್ ಹ್ಯಾರಿಸನ್ ಬಾಂಗ್ಲಾ ನಿರಾಶ್ರಿತರಿಗಾಗಿ ಕಛೇರಿ ಏರ್ಪಡಿಸಿದರು. ಮಧ್ಯಾಹ್ನ ಒಂದು, ರಾತ್ರಿ ಒಂದು. ಟಿಕೆಟ್ಟಿನ ಹಣ, ಸುಮಾರು 2,43,000 ಡಾಲರ್, ಬೇಗನೆ ಯುನಿಸೆಫ್ ಸೇರಿತು. ಆದರೆ ಧ್ವನಿಮುದ್ರಿಕೆ ಮತ್ತು ಚಿತ್ರದಿಂದ ಬಂದ ಅದಕ್ಕಿಂತ ಎಷ್ಟೋ ದೊಡ್ಡ ಮೊತ್ತ ವರ್ಷಗಟ್ಟಲೆ ತೆರಿಗೆ ಇಲಾಖೆಯ ತಕರಾರಿನಲ್ಲಿ ಸಿಕ್ಕಿಕೊಂಡಿತು. ತೆರಿಗೆ ವಿನಾಯಿತಿಗೆ ಬೇಕಾದ ವ್ಯವಸ್ಥೆಯನ್ನು ಮೊದಲೇ ಮಾಡಿಕೊಂಡಿರಲಿಲ್ಲ, ಕೆಲವೇ ವಾರಗಳಲ್ಲಿ ಎಲ್ಲವೂ ನಡೆದುಹೋಗಿತ್ತು. ಕಛೇರಿ ಏರ್ಪಡಿಸುವ ಹೊತ್ತಿಗೇ ಶಿಬಿರಗಳಲ್ಲಿ ಮಕ್ಕಳು ಸಾಯುತ್ತಿದ್ದರು. ನಮ್ಮಲ್ಲೂ 80ಜಿ ಎಂದು ಎಲ್ಲರೂ ಹೇಳುವ ವಿನಾಯಿತಿ 2,000 ರೂಪಾಯಿ ಮೀರಿದ ನಗದಿಗೆ ಸಿಗುವುದಿಲ್ಲ, ಅಕ್ಕಿ, ಬಟ್ಟೆಯ ದಾನಕ್ಕೂ ಇಲ್ಲ. ರಸೀದಿ ಪುಸ್ತಕ, ಸಂಸ್ಥೆಯ ಹೆಸರಿನಲ್ಲೇ ಇರುವ ಖಾತೆ, ಕ್ಯೂಆರ್ ಕೋಡಿನ ಹಣ ಯಾರ ಖಾತೆಗೆ ಹೋಗುತ್ತದೆ ಎಂಬ ಖಚಿತತೆ, ಇವೆಲ್ಲ ಫ್ಲೆಕ್ಸಿಗಿಂತ ಮೊದಲು ಸಿದ್ಧವಾಗಬೇಕು.

ಕಲಾವಿದರ ವಿಷಯವನ್ನೂ ಇಲ್ಲೇ ಹೇಳಬೇಕು. ಯಕ್ಷಗಾನ ಮೇಳಗಳ ತಿರುಗಾಟ ನವೆಂಬರಿನ ಸುಮಾರಿಗೆ ಆರಂಭವಾಗಿ ಮೇ ಕೊನೆಯಲ್ಲಿ ಬರುವ ತುಳುನಾಡಿನ ಪತ್ತನಾಜೆ ದಿನಕ್ಕೆ ಮುಗಿಯುತ್ತದೆ. ಮಳೆಗಾಲದಲ್ಲಿ ಬಿಡುವಿರುತ್ತದೆ ಎಂದು ಸಹಾಯಾರ್ಥ ಆಟಕ್ಕೆ ಅವರನ್ನು ಕರೆಯುವುದು ಸರಿಯೇ. ಆದರೆ ಅವರಲ್ಲಿ ಎಷ್ಟೋ ಮಂದಿಗೆ ಕೈ ಬರಿದಾಗುವುದೂ ಅದೇ ತಿಂಗಳುಗಳಲ್ಲಿ. ‘ಒಳ್ಳೆಯ ಕೆಲಸಕ್ಕಲ್ಲವೇ, ಬಿಟ್ಟಿ ಕುಣಿಯಿರಿ’ ಎಂದರೆ ಸಂಕೋಚಕ್ಕೆ ಯಾರೂ ಇಲ್ಲ ಅನ್ನುವುದಿಲ್ಲ. ಶಾಮಿಯಾನದವರಿಗೆ ಪೂರ್ತಿ ಹಣ ಕೊಟ್ಟು ಭಾಗವತರಿಗೆ ಹಣ್ಣಿನ ಬುಟ್ಟಿ ಕೊಡುವುದು ನ್ಯಾಯವಲ್ಲ. ಸಂಭಾವನೆಯನ್ನು ಪೂರ್ತಿ ಕೊಡೋಣ. ಅದರಲ್ಲಿ ಅವರು ಎಷ್ಟು ಹಿಂದಿರುಗಿಸುತ್ತಾರೋ ಅದು ಅವರ ದಾನ, ಅದನ್ನು ಅವರ ಹೆಸರಿನಲ್ಲೇ ರಸೀದಿ ಬರೆದು ಸ್ವೀಕರಿಸೋಣ.

ಕಾರ್ಯಕ್ರಮಕ್ಕೆ ಮರುಜೀವ ಬರಬೇಕಾದರೆ ನಾನು ಮೊದಲು ಬದಲಿಸುವುದು ಆಮಂತ್ರಣ ಪತ್ರಿಕೆಯನ್ನು. ಅಧ್ಯಕ್ಷರು, ಉದ್ಘಾಟಕರು, ಮುಖ್ಯ ಅತಿಥಿಗಳ ಪಟ್ಟಿ ಹಿಂದಿನ ಪುಟಕ್ಕೆ ಹೋಗಲಿ. ಮುಂದಿನ ಪುಟದಲ್ಲಿ ಹೋದ ವರ್ಷ ಬಂದದ್ದು ಎಷ್ಟು, ಖರ್ಚಾದದ್ದು ಎಷ್ಟು, ಉಳಿದ ಹಣದಲ್ಲಿ ಏನಾಯಿತು, ಏನಾಗಲಿಲ್ಲ ಎಂದು ಬರೆಯೋಣ. ಕೆಲಸ ಅರ್ಧಕ್ಕೆ ನಿಂತಿದ್ದರೆ ಅದನ್ನೂ ಬರೆಯಬೇಕು. ಹಾಗೆ ಬರೆದ ಸಮಿತಿಯನ್ನು ಜನ ನಂಬುತ್ತಾರೆ.

ಆದರೆ ಲೆಕ್ಕ ತೋರಿಸುವ ಭರದಲ್ಲಿ ನೆರವು ಪಡೆದವರನ್ನು ವೇದಿಕೆಗೆ ಹತ್ತಿಸುವ ರೂಢಿಯನ್ನು ನಾನು ಒಪ್ಪಲಾರೆ. ಕೂದಲು ಉದುರಿದ ಮಗು, ತಲೆ ತಗ್ಗಿಸಿದ ತಂದೆ, ಆಳೆತ್ತರದ ಥರ್ಮಾಕೋಲ್ ಚೆಕ್ಕು, ಅದರ ಹಿಂದೆ ನಗುವ ಹನ್ನೆರಡು ಮಂದಿ. ಆ ಮಗು ಗುಣವಾಗಿ ಶಾಲೆಗೆ ಹೋದಾಗಲೂ ಆ ಫೋಟೊ ಊರಿನ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಉಳಿದಿರುತ್ತದೆ. ಹಣ ನೇರವಾಗಿ ಆಸ್ಪತ್ರೆಯ ಖಾತೆಗೆ ಹೋಗಲಿ, ಆಸ್ಪತ್ರೆ ಕೊಟ್ಟ ರಸೀದಿಯಲ್ಲಿ ಹೆಸರು ಮುಚ್ಚಿ ಸಭೆಯ ಮುಂದೆ ಇಡಲಿ. ಸಭೆಯಲ್ಲಿ ಯಾರಾದರೂ ಮಾತಾಡಬೇಕೆಂದಿದ್ದರೆ ಮಗುವನ್ನು ನೋಡಿಕೊಂಡ ದಾದಿಯನ್ನೋ ವೈದ್ಯರನ್ನೋ ಕರೆಯೋಣ. ಆ ಕಾಯಿಲೆ ಎಂಥದ್ದು, ಬೇಗ ಗುರುತಿಸುವುದು ಹೇಗೆ ಎಂದು ಅವರು ಹತ್ತು ನಿಮಿಷ ಹೇಳಿದರೆ ಟಿಕೆಟ್ ಕೊಂಡು ಬಂದವರು ತಮ್ಮ ಮನೆಯ ಮಕ್ಕಳಿಗಾಗಿ ತಿಳಿದುಕೊಂಡು ಹೋಗುವುದು ಬಹಳಷ್ಟಿದೆ.