ವ್ಯಾಖ್ಯಾನಕಾರನು ಮೌನ ತಾಳಿದ ವರ್ಷ

ಚಿತ್ರಮಂದಿರಗಳಲ್ಲಿ ಮುಖ್ಯ ಚಿತ್ರಕ್ಕೆ ಮೊದಲು ಸರಕಾರದ ಸಾಕ್ಷ್ಯಚಿತ್ರವೊಂದನ್ನು ತೋರಿಸುವ ಕಟ್ಟಳೆಯಿದ್ದ ಕಾಲವನ್ನು ಹಿರಿಯ ಓದುಗರು ಮರೆತಿರಲಾರರು. ಅದು ಮುಗಿದ ಮೇಲೆ ಒಳಗೆ ಹೋದರಾಯಿತೆಂದು ಹೊರಗೆ ಕಡಲೆಕಾಯಿ ಸುಲಿಯುತ್ತ ನಿಂತವರೇ ಹೆಚ್ಚು. ಅವರನ್ನು ದೂರುವಂತಿಲ್ಲ. ಅಣೆಕಟ್ಟಿರಲಿ, ಗೊಬ್ಬರವಿರಲಿ, ಕುಟುಂಬ ಯೋಜನೆಯಿರಲಿ, ಎಲ್ಲವನ್ನೂ ಬಲ್ಲ ಗಂಭೀರ ಕಂಠವೊಂದು ನೋಡುಗರಿಗೆ ಬೋಧಿಸುತ್ತಲೇ ಇರುತ್ತಿತ್ತು. 1948ರಲ್ಲಿ ಸ್ಥಾಪಿತವಾದ ಫಿಲ್ಮ್ಸ್ ಡಿವಿಜನ್ನಿನ ಬಹುಪಾಲು ಚಿತ್ರಗಳ ರೀತಿ ಇದೇ. ಆದರೂ ಪ್ರಿಯವಾದ ಸಾಕ್ಷ್ಯಚಿತ್ರಗಳು ಯಾವುವೆಂದು ಯಾರಾದರೂ ಕೇಳಿದರೆ ನಾನು ಹೆಸರಿಸುವುದು ಅದೇ ಸಂಸ್ಥೆಯಿಂದ 1967ರಲ್ಲಿ ಬಂದ ಮೂರು ಚಿತ್ರಗಳನ್ನು.

ಅದು ನೆಮ್ಮದಿಯ ವರ್ಷವಲ್ಲ. ಬಿಹಾರವು ಬರದಿಂದ ತತ್ತರಿಸಿತ್ತು; ಹಿಂದಿನ ವರ್ಷವಷ್ಟೇ ರೂಪಾಯಿಯ ಅಪಮೌಲ್ಯವಾಗಿತ್ತು; ಮಹಾಚುನಾವಣೆಯಲ್ಲಿ ಹಲವು ರಾಜ್ಯಗಳು ಕಾಂಗ್ರೆಸ್ಸಿನ ಕೈತಪ್ಪಿದ್ದವು. ಇಂಥ ಹೊತ್ತಿನಲ್ಲಿ ಸರಕಾರದ ಸಂಸ್ಥೆಯೊಂದು ಇನ್ನಷ್ಟು ಗಟ್ಟಿಯಾಗಿ ಬೋಧಿಸುವುದೇ ಸಹಜ. ಹಾಗಾಗದಿದ್ದುದು ಬಹುಮಟ್ಟಿಗೆ, ಆಗ ಸಲಹೆಗಾರರಾಗಿದ್ದ ಜೀನ್ ಭೌನಗರಿಯವರು ನಿರ್ದೇಶಕರಿಗೆ ಕೊಟ್ಟ ಸ್ವಾತಂತ್ರ್ಯದಿಂದ.

ಮೊದಲನೆಯದು ಚಿತ್ರಕಾರ ಎಂ. ಎಫ್. ಹುಸೇನರ 'ಥ್ರೂ ದಿ ಐಸ್ ಆಫ್ ಎ ಪೇಂಟರ್'. ರಾಜಸ್ಥಾನದ ಬಿಸಿಲಿನಲ್ಲಿ ಒಂದು ಕೊಡೆ, ಒಂದು ಲಾಟೀನು, ಒಂದು ಪಾದರಕ್ಷೆ ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತವೆ. ಇವುಗಳ ಅರ್ಥವೇನೆಂದು ಚಿತ್ರ ಹೇಳುವುದಿಲ್ಲ. ನೋಡಿರಿ ಎನ್ನುತ್ತದೆ, ಅಷ್ಟೆ. ಬರ್ಲಿನ್ ಚಿತ್ರೋತ್ಸವವು ಇದಕ್ಕೆ ಕಿರುಚಿತ್ರಗಳ ಚಿನ್ನದ ಕರಡಿಯನ್ನಿತ್ತು ಗೌರವಿಸಿತು.

ಎರಡನೆಯದು ಎಸ್. ಸುಖದೇವರ 'ಇಂಡಿಯಾ 67'. ಸುಮಾರು ಒಂದು ಗಂಟೆಯ ಈ ಚಿತ್ರದಲ್ಲಿ ವ್ಯಾಖ್ಯಾನವೇ ಇಲ್ಲ. ದೇಶದ ಸದ್ದುಗದ್ದಲವೂ ಸಂಗೀತವೂ ಮಾತಿನ ಸ್ಥಾನವನ್ನು ತುಂಬಿವೆ. ಸತ್ಯಜಿತ್ ರಾಯ್ ಅವರು ಇದನ್ನು ಮೆಚ್ಚಿದ್ದು ಸಿರಿ-ಬಡತನಗಳ ದೊಡ್ಡ ವೈದೃಶ್ಯಗಳಿಗಾಗಿ ಅಲ್ಲ; ಮರಳಿನ ಮೇಲೆ ಹರಿದ ಕರಿಯ ಹುಳುವಿಗಾಗಿ, ವಾದ್ಯಗಾರನ ಮೂಗಿನ ತುದಿಯಲ್ಲಿ ತೂಗುವ ಬೆವರ ಹನಿಗಾಗಿ.

ಮೂರನೆಯದು ಎಸ್. ಎನ್. ಎಸ್. ಶಾಸ್ತ್ರಿಯವರ 'ಐ ಆ್ಯಮ್ 20'. ಸ್ವಾತಂತ್ರ್ಯದೊಂದಿಗೇ 1947ರಲ್ಲಿ ಹುಟ್ಟಿದ ತರುಣ ತರುಣಿಯರನ್ನು ಕಂಡು, ನಿಮ್ಮ ಆಸೆಯೇನು, ದೇಶದ ಬಗೆಗೆ ನಿಮ್ಮ ಭಾವನೆಯೇನು ಎಂದು ಕೇಳಿ, ಅವರ ಉತ್ತರವನ್ನು ತಿದ್ದದೆ ತೋರಿಸುವುದೇ ಇದರ ಕ್ರಮ. ಒಬ್ಬರಲ್ಲಿ ಉತ್ಸಾಹ, ಇನ್ನೊಬ್ಬರಲ್ಲಿ ಬೇಸರ. ಇಪ್ಪತ್ತರ ಮಾತು ಪಕ್ವವಲ್ಲವೆಂದು ಆಕ್ಷೇಪಿಸಬಹುದು. ಆದರೆ ಪಕ್ವವಾದ ಮಾತನ್ನೇ ಕೇಳಬೇಕೆಂದಿದ್ದರೆ ಹಳೆಯ ವ್ಯಾಖ್ಯಾನಕಾರನೇ ಸಾಕಾಗಿತ್ತಲ್ಲವೆ? ಹುಸೇನರು ನಮ್ಮ ಕಣ್ಣನ್ನು ನಂಬಿದರು, ಸುಖದೇವರು ಕಿವಿಯನ್ನು ನಂಬಿದರು. ಶಾಸ್ತ್ರಿಯವರು ಪ್ರಜೆಯ ನಾಲಗೆಯನ್ನೇ ನಂಬಿದರು. ನನ್ನ ಮೊದಲ ಮಣೆ ಅವರಿಗೆ.

ಈ ನಂಬಿಕೆ ಬಹುಕಾಲ ಬಾಳಲಿಲ್ಲ. ಮಾತಿಲ್ಲದೆ ದೇಶವನ್ನು ತೋರಿಸಿದ ಅದೇ ಸುಖದೇವರು 1976ರಲ್ಲಿ ತುರ್ತುಪರಿಸ್ಥಿತಿಯನ್ನು ಸಮರ್ಥಿಸುವ 'ಥಂಡರ್ ಆಫ್ ಫ್ರೀಡಮ್' ಚಿತ್ರವನ್ನು ತಯಾರಿಸಿದರು. ಕಲಾವಿದನ ಪ್ರತಿಭೆ ದೊಡ್ಡದೆಂಬ ಒಂದೇ ಕಾರಣದಿಂದ ಅವನ ಸ್ವಾತಂತ್ರ್ಯ ಸುರಕ್ಷಿತವಾಗಿರುವುದಿಲ್ಲವೆಂಬುದಕ್ಕೆ ಇದಕ್ಕಿಂತ ನೋವಿನ ನಿದರ್ಶನ ಬೇಕಿಲ್ಲ.

2022ರಲ್ಲಿ ಫಿಲ್ಮ್ಸ್ ಡಿವಿಜನ್ ಸಂಸ್ಥೆಯು ರಾಷ್ಟ್ರೀಯ ಚಲನಚಿತ್ರ ಅಭಿವೃದ್ಧಿ ನಿಗಮದಲ್ಲಿ ವಿಲೀನವಾಯಿತು. ಹೆಸರು ಅಳಿದರೆ ಅಳಿಯಲಿ. ಆದರೆ ಪ್ರಭುತ್ವದ ಹಣದಿಂದಲೇ ತಯಾರಾಗಿ, ಪ್ರಭುತ್ವಕ್ಕೆ ಹಿತವಲ್ಲದ ಮಾತನ್ನು ಅದರ ಕಿವಿಗೆ ಮುಟ್ಟಿಸಿದ ಚಿತ್ರಗಳು ಒಂದು ಕಾಲಕ್ಕೆ ನಮ್ಮಲ್ಲಿ ಇದ್ದವೆಂಬುದನ್ನು ಇಂದಿನ ವಿದ್ಯಾರ್ಥಿಗಳು ತಿಳಿಯಬೇಕು. ಅಧ್ಯಾಪಕರು ಒಂದು ಪಾಠದ ಅವಧಿಯನ್ನು 'ಐ ಆ್ಯಮ್ 20'ಕ್ಕೆ ಬಿಟ್ಟುಕೊಡಲಿ. ಚಿತ್ರ ಮುಗಿದ ಮೇಲೆ, ತಾವು ವ್ಯಾಖ್ಯಾನಕ್ಕೆ ತೊಡಗದೆ, ಎದುರಿಗೆ ಕುಳಿತ ಇಪ್ಪತ್ತರ ಹರೆಯದವರನ್ನು ಅದೇ ಪ್ರಶ್ನೆ ಕೇಳಿ ಸುಮ್ಮನೆ ಆಲಿಸಲಿ.