ಶುಶ್ರೂಷಾಗೃಹಗಳಲ್ಲಿ ಬಂಧುಬಳಗದ ದುಡಿಮೆ

ಜಯನಗರ ಬಡಾವಣೆಗೆ ೧೯೪೮ರಲ್ಲಿ ಅಸ್ತಿಭಾರ ಬಿದ್ದ ಮೇಲೆ ಅಲ್ಲಿ ನಿವೇಶನ ಪಡೆದು ಮನೆ ಕಟ್ಟಿದವರಲ್ಲಿ ಸಂಬಳದ ಮೇಲೆ ಜೀವಿಸುವ ಗೃಹಸ್ಥರು ಅನೇಕರಿದ್ದರು. ಆ ಮನೆಗಳ ಮಕ್ಕಳು ಓದಿ ಮುಂದೆ ಬಂದು ದೂರದ ಊರುಗಳಿಗೂ ಸಮುದ್ರದಾಚೆಯ ದೇಶಗಳಿಗೂ ಹೋದರು. ತಂದೆತಾಯಿಗಳು ಮುಪ್ಪಿನೊಡನೆ ಹಿಂದುಳಿದರು. ಜಯನಗರದಲ್ಲಿ ಆದುದೇ ಆಮೇಲೆ ಬನಶಂಕರಿಯಲ್ಲಿಯೂ ಜೆ.ಪಿ. ನಗರದಲ್ಲಿಯೂ ಬಿ.ಟಿ.ಎಂ. ಬಡಾವಣೆಯಲ್ಲಿಯೂ ಆಯಿತು. ೨೦೧೧ರ ಜನಗಣತಿಯಲ್ಲಿಯೇ ದೇಶದಲ್ಲಿ ಅರುವತ್ತು ವರ್ಷ ತುಂಬಿದವರ ಸಂಖ್ಯೆಯು ಹತ್ತು ಕೋಟಿಯನ್ನು ಮೀರಿತ್ತು. ಆದುದರಿಂದ ಈ ಬಡಾವಣೆಗಳ ಅಡ್ಡರಸ್ತೆಗಳಲ್ಲಿ, ಒಂದು ಕಾಲಕ್ಕೆ ಸಂಸಾರಗಳು ವಾಸವಾಗಿದ್ದ ಮನೆಗಳಲ್ಲಿಯೇ, ವೃದ್ಧರ ಶುಶ್ರೂಷಾಗೃಹಗಳು ಎದ್ದಿರುವುದು ಆಶ್ಚರ್ಯವೇನೂ ಅಲ್ಲ. ಅಲ್ಲಿ ಮಲಗಿರುವವರ ವಿಷಯವಾಗಿ ಪತ್ರಿಕೆಗಳಲ್ಲಿ ಆಗಾಗ್ಗೆ ಚರ್ಚೆ ನಡೆಯುತ್ತದೆ. ಅವರನ್ನು ಎತ್ತಿ ಮಲಗಿಸುವವರ ವಿಷಯವಾಗಿ ನಾವಿಂದು ಎರಡು ಮಾತುಗಳನ್ನು ಹೇಳಬೇಕಾಗಿದೆ.

ಈ ಕೆಲಸಕ್ಕೆ ಜನರು ಬರುವುದು ಜಾಹೀರಾತನ್ನು ನೋಡಿ ಅಲ್ಲ. ಬಹುಮಟ್ಟಿಗೆ ನಂಟಸ್ತಿಕೆಯ ದಾರಿಯಿಂದ. ಅಕ್ಕನು ಮೊದಲು ಬಂದು ನೆಲೆಯೂರುವಳು. ಕೆಲವು ತಿಂಗಳುಗಳಲ್ಲಿ ತಂಗಿಯನ್ನು ಕರೆಯಿಸಿಕೊಳ್ಳುವಳು. ಮರುವರ್ಷ ಚಿಕ್ಕಮ್ಮನ ಮಗಳು ಬಟ್ಟೆಯ ಗಂಟಿನೊಡನೆ ಬಂದಿಳಿಯುವಳು. ಗಂಡಸರ ಕೊಠಡಿಯನ್ನು ಗಂಡನೂ ಹೆಂಗಸರ ಕೊಠಡಿಯನ್ನು ಹೆಂಡತಿಯೂ ನೋಡಿಕೊಳ್ಳುವುದುಂಟು. ಕನಕಪುರ, ಮಳವಳ್ಳಿಗಳ ಕಡೆಯಿಂದ ಬರುವವರಿರಲಿ, ಒಡಿಶಾ, ಜಾರ್ಖಂಡ್, ಅಸ್ಸಾಂ ಪ್ರಾಂತಗಳಿಂದ ಎರಡು ಮೂರು ದಿನ ರೈಲಿನಲ್ಲಿ ಕುಳಿತು ಬರುವವರಿರಲಿ, ಕ್ರಮವು ಒಂದೇ. ಊರಿನಲ್ಲಿರುವ ಹಿರಿಯರು ಪ್ರಾಯದ ಹುಡುಗಿಯನ್ನು ಬೆಂಗಳೂರಿನಂಥ ಪಟ್ಟಣಕ್ಕೆ ಕಳುಹಿಸಲೊಪ್ಪುವುದು ಅಲ್ಲಿ ಆಗಲೇ ತಮ್ಮವರೊಬ್ಬರು ಇರುವರೆಂಬ ಭರವಸೆಯ ಮೇಲೆಯೇ.

ಈ ಪದ್ಧತಿಯನ್ನು ನಾವು ದೂಷಿಸತಕ್ಕವರಲ್ಲ. ಶುಶ್ರೂಷೆಯ ಕೆಲಸವನ್ನು ಹತ್ತಿರದಿಂದ ನೋಡಿದವರಿಗೆ ಇದರ ಬೆಲೆಯು ತಿಳಿದೀತು. ಎದ್ದು ಕುಳಿತುಕೊಳ್ಳಲಾರದ ರೋಗಿಯನ್ನು ಸಾಮಾನ್ಯವಾಗಿ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು. ತಪ್ಪಿದರೆ ಬೆನ್ನಿನಲ್ಲಿಯೂ ಸೊಂಟದಲ್ಲಿಯೂ ಹಿಮ್ಮಡಿಯಲ್ಲಿಯೂ ಹಾಸಿಗೆ ಹುಣ್ಣು ಏಳುವುದು. ಎದ್ದ ಹುಣ್ಣು ಮಾಯಲು ತಿಂಗಳುಗಳು ಹಿಡಿಯಬಹುದು. ಮಗ್ಗುಲು ಬದಲಿಸುವುದು ಒಬ್ಬರ ಕೈಯಿಂದ ಆಗತಕ್ಕ ಕೆಲಸವಲ್ಲ. ಈ ಕಡೆಯೊಬ್ಬರು ಆ ಕಡೆಯೊಬ್ಬರು ನಿಂತು, ಕೆಳಗೆ ಹಾಸಿದ ಅಡ್ಡಬಟ್ಟೆಯನ್ನು ಹಿಡಿದು, ಒಂದೇ ಉಸಿರಿನಲ್ಲಿ ಎತ್ತಬೇಕು. ಒಬ್ಬರು ಮುಂಚೆ ಒಬ್ಬರು ಆಮೇಲೆ ಎತ್ತಿದರೆ ರೋಗಿಯ ಚರ್ಮವು ಉಜ್ಜುವುದು, ಎತ್ತಿದವರ ನಡುವೂ ಹಿಡಿಯುವುದು. ಚಿಕ್ಕಂದಿನಿಂದ ಒಂದೇ ಬಾವಿಯಲ್ಲಿ ನೀರು ಸೇದಿದ ಅಕ್ಕತಂಗಿಯರಿಗೆ ಈ ಹೊಂದಿಕೆಯನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಮರೆವಿನ ರೋಗದ ಮುದುಕಿಯೊಬ್ಬಳು ನಡುರಾತ್ರಿಯಲ್ಲಿ ಎದ್ದು, ಸತ್ತು ಇಪ್ಪತ್ತು ವರ್ಷವಾದ ಗಂಡನಿಗೆ ಅಡಿಗೆಯಾಗಬೇಕೆಂದು ಹಟ ಹಿಡಿದಾಗ, ಬೈಗುಳನ್ನೂ ಕೆಲವೊಮ್ಮೆ ಏಟನ್ನೂ ತಾಳಿಕೊಂಡು ಸಮಾಧಾನ ಹೇಳಬೇಕಾದವರು ಇವರೇ. ಆ ಹೊತ್ತಿನಲ್ಲಿ ಪಕ್ಕದ ಕೊಠಡಿಯಲ್ಲಿ ತನ್ನವಳೊಬ್ಬಳಿರುವಳೆಂಬ ಧೈರ್ಯವು ಸಣ್ಣದಲ್ಲ. ಕಕ್ಷಿದಾರರು ಕೂಗಾಡಿದ ದಿನ ನಮ್ಮ ಕಚೇರಿಯ ಗುಮಾಸ್ತರು ಕಾಫಿ ಹೋಟಲಿಗೆ ಹೋಗಿ ಮನಸ್ಸು ಹಗುರ ಮಾಡಿಕೊಳ್ಳುವರು. ಈ ಹೆಂಗಸರಿಗೆ ಆ ಅನುಕೂಲವೂ ಇಲ್ಲ.

ಬಂಧುಗಳ ಸಾಮೀಪ್ಯವು ಶುಶ್ರೂಷೆಗೆ ಬಲವೆಂಬ ತತ್ತ್ವವು ಬೆಂಗಳೂರಿಗೆ ಹೊಸದಲ್ಲ. ಈ ಬಡಾವಣೆಗಳ ಮಗ್ಗುಲಲ್ಲಿಯೇ ಇರುವ ನಿಮ್ಹಾನ್ಸ್ ಸಂಸ್ಥೆಯಲ್ಲಿ ಮನೋರೋಗಿಯ ಜೊತೆಗೆ ಅವನ ಮನೆಯವರನ್ನೂ ಇರಿಸಿಕೊಂಡು ಚಿಕಿತ್ಸೆ ನಡೆಯಿಸುವ ಕ್ರಮವುಂಟು. ಅಲ್ಲಿ ಬಂಧುವು ರೋಗಿಯವನು, ಇಲ್ಲಿ ಕೆಲಸದವರವನು. ಆದರೂ ಪರರ ನಡುವೆ ತನ್ನವರೊಬ್ಬರಿದ್ದರೆ ಮನುಷ್ಯನ ಮನಸ್ಸು ನಿಲ್ಲುವುದೆಂಬುದು ಎರಡೆಡೆಯಲ್ಲಿಯೂ ನಿಜ.

ನಮ್ಮ ಆಕ್ಷೇಪವಿರುವುದು ಈ ಬಲವನ್ನು ಮಾಲೀಕನು ತನ್ನ ಲೆಕ್ಕದ ಪುಸ್ತಕದಲ್ಲಿ ಲಾಭವೆಂದು ಬರೆದುಕೊಳ್ಳುವುದರಲ್ಲಿ. ದಂಪತಿಗಳಿಗೆ ಸೇರಿಸಿ ಒಂದು ಮೊತ್ತವನ್ನು ಗೊತ್ತುಮಾಡಿ ಅದನ್ನು ಗಂಡನ ಕೈಗೆ ಕೊಟ್ಟರೆ, ಹೆಂಡತಿಯ ಸಂಬಳವೆಷ್ಟೆಂಬುದು ಅವಳಿಗೇ ತಿಳಿಯದು. ತಂಗಿಗೆ ಜ್ವರ ಬಂದರೆ ಅಕ್ಕನು ಎರಡು ಪಾಳಿ ಮಾಡಿಯಾಳು. ಹೊರಗಿನವರಾಗಿದ್ದರೆ ಅದಕ್ಕೆ ಕೂಲಿ ಕೊಡಬೇಕಾಗುತ್ತಿತ್ತು, ಅಕ್ಕನಾದುದರಿಂದ ಅದು ವಾತ್ಸಲ್ಯವೆನ್ನಿಸಿಕೊಂಡು ಪುಕ್ಕಟೆಯಾಗುವುದು. ಒಬ್ಬಳು ಸಂಬಳದ ಮಾತೆತ್ತಿದರೆ ಇಬ್ಬರ ಅನ್ನಕ್ಕೂ ಸಂಚಕಾರ. ಮಲಗುವ ಜಾಗವೂ ಅದೇ ಕಟ್ಟಡದಲ್ಲಿರುವುದರಿಂದ, ಕೆಲಸ ಹೋದ ಸಂಜೆಯೇ ಇಡೀ ಬಳಗವು ಗಂಟು ಹೊತ್ತು ಬೀದಿಯಲ್ಲಿ ನಿಲ್ಲಬೇಕಾಗುವುದು. ನಡುವೆ ಏಜೆನ್ಸಿಯವನೊಬ್ಬನಿದ್ದರೆ ಅವನ ಪಾಲು ಬೇರೆ.

ಇನ್ನೊಂದು ಅಂಶವನ್ನು ಅಧಿಕಾರಿಗಳು ವಿಶೇಷವಾಗಿ ಗಮನಿಸಬೇಕು. ರಾಜ್ಯ ವಿಮೆಯ ಸೌಕರ್ಯವೂ ಔದ್ಯೋಗಿಕ ಸುರಕ್ಷತೆಯ ಕಾನೂನಿನ ಬಹುಭಾಗವೂ ಹತ್ತು ಮಂದಿ ಅಥವಾ ಅದಕ್ಕಿಂತ ಹೆಚ್ಚು ಜನರು ದುಡಿಯುವ ಸಂಸ್ಥೆಗಳಿಗೆ ಸಾಮಾನ್ಯವಾಗಿ ಅನ್ವಯಿಸುವಂಥವು. ಹತ್ತು ಜನರಿರುವ ಶುಶ್ರೂಷಾಗೃಹದಲ್ಲಿ ಇಬ್ಬರು ದಂಪತಿಗಳನ್ನು ಒಂದೊಂದು ಹೆಸರಿನಲ್ಲಿ ಬರೆದುಬಿಟ್ಟರೆ ಹತ್ತು ಎಂಟಾಗುವುದು. ಹೆರಿಗೆಯ ರಜೆ, ಕಾಯಿಲೆಯ ಭತ್ಯ, ನೇಮಕದ ಪತ್ರಗಳೆಲ್ಲ ಒಂದೇ ಏಟಿಗೆ ಹಾರಿಹೋಗುವುವು. ಕುಟುಂಬವೆಂಬ ಪವಿತ್ರವಾದ ಮಾತನ್ನು ಹಾಜರಿ ಪುಸ್ತಕದಲ್ಲಿ ಹೀಗೆ ಉಪಯೋಗಿಸುವುದಕ್ಕೆ ಎಡೆಯಿರಕೂಡದು.

ಮಾಲೀಕರಿಗೂ ಅವರದೇ ಆದ ಕಷ್ಟವಿದೆಯೆಂಬುದನ್ನು ನಾವು ಬಲ್ಲೆವು. ಊರಿನಲ್ಲಿ ಮಾರಿಹಬ್ಬ ಬಂದರೆ, ಮದುವೆಯಾದರೆ, ಸಾವಾದರೆ, ಬಳಗದವರೆಲ್ಲ ಒಟ್ಟಿಗೆ ಬಸ್ಸು ಹತ್ತುವರು. ಹಾಸಿಗೆ ಹಿಡಿದ ಹನ್ನೆರಡು ಮಂದಿಯನ್ನು ನೋಡುವವರಿರುವುದಿಲ್ಲ. ಅದಕ್ಕಿಂತಲೂ ಗಂಭೀರವಾದುದು ಮತ್ತೊಂದು. ರೋಗಿಯು ಜಾರಿ ಬಿದ್ದುದನ್ನೋ, ರಾತ್ರಿಯ ಮಾತ್ರೆ ತಪ್ಪಿದುದನ್ನೋ ತಂಗಿಯ ಮೇಲೆ ಬರದಂತೆ ಅಕ್ಕನು ಮುಚ್ಚಿಡಬಹುದು. ಇದು ಕಲ್ಪನೆಯ ಭಯವಲ್ಲ. ಆದರೆ ಇದಕ್ಕೆ ಪರಿಹಾರವು ಬಂಧುಗಳನ್ನು ಕೆಲಸಕ್ಕೆ ಸೇರಿಸಕೂಡದೆಂಬ ನಿಷೇಧವಲ್ಲ. ಎತ್ತುವ, ಮೀಯಿಸುವ, ಉಣಿಸುವ ಕೆಲಸಗಳಲ್ಲಿ ಅವರು ಜೊತೆಗೂಡಲಿ. ಔಷಧದ ಪುಸ್ತಕಕ್ಕೆ ಎರಡನೆಯ ರುಜುವನ್ನು ನಂಟರಲ್ಲದವರೊಬ್ಬರು ಹಾಕಲಿ. ಒಬ್ಬರ ಮೇಲ್ವಿಚಾರಣೆಯನ್ನು ಅವರ ಬಂಧುವಿಗೆ ವಹಿಸದಿರಲಿ. ರಜೆಯ ಪಟ್ಟಿಯನ್ನು ಯುಗಾದಿಗೆ ಮೊದಲೇ ಎಲ್ಲರನ್ನೂ ಕೇಳಿ ಬರೆದಿಟ್ಟರೆ ಅರ್ಧ ತೊಂದರೆ ತಪ್ಪೀತು.

ಶಿಕ್ಷಣದ ಮಾತು. ರಾಜ್ಯದ ನರ್ಸಿಂಗ್ ಪದವಿಗಳನ್ನು ಕೊಡುವ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾನಿಲಯವು ೧೯೯೬ರಲ್ಲಿ ಸ್ಥಾಪಿತವಾಗಿ ಬೆಳೆದುದು ಇದೇ ಜಯನಗರದಲ್ಲಿ. ಪದವಿ ಪಡೆದ ದಾದಿಯರ ಸಂಬಳದ ವಿಷಯವು ಸರ್ವೋಚ್ಚ ನ್ಯಾಯಾಲಯದವರೆಗೂ ಹೋಗಿ, ೨೦೧೬ರಲ್ಲಿ ಕೇಂದ್ರ ಸರಕಾರವು ನೇಮಿಸಿದ ಸಮಿತಿಯು ಐವತ್ತಕ್ಕೆ ಕಡಿಮೆ ಹಾಸಿಗೆಗಳ ಖಾಸಗಿ ಆಸ್ಪತ್ರೆಗಳಲ್ಲಿಯೂ ಅದು ತಿಂಗಳಿಗೆ ೨೦,೦೦೦ ರೂಪಾಯಿಗೆ ಇಳಿಯಕೂಡದೆಂದು ಶಿಫಾರಸು ಮಾಡಿತು. ಪದವಿಯಿಲ್ಲದೆ, ಅಕ್ಕನಿಂದ ಕೆಲಸ ಕಲಿತ ತಂಗಿಗೆ ಆ ಶಿಫಾರಸಿನ ನೆರಳೂ ಇಲ್ಲ. ಐದಾರು ವರ್ಷ ದುಡಿದವಳಿಗೆ ಕೌಶಲ್ಯದ ಪರೀಕ್ಷೆಯೊಂದನ್ನು ಕನ್ನಡದಲ್ಲಿಯೇ, ಪರರಾಜ್ಯದವಳಾದರೆ ಅವಳ ಭಾಷೆಯಲ್ಲಿ, ನಡೆಯಿಸಿ ಪ್ರಮಾಣಪತ್ರ ಕೊಡುವುದರಿಂದ ಯಾರಿಗೂ ನಷ್ಟವಿಲ್ಲ.

ಕಾನೂನುಗಳಿಗೆ ಕೊರತೆಯಿಲ್ಲ. ತಂದೆತಾಯಿಗಳ ಪೋಷಣೆಯ ಕೇಂದ್ರ ಶಾಸನವೂ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕರ್ನಾಟಕ ಶಾಸನವೂ ಎರಡೂ ೨೦೦೭ರವು. ಎರಡನೆಯದನ್ನು ೨೦೧೭ರಲ್ಲಿ ತಿದ್ದಿದಾಗ ರೋಗಿಗಳ ಹಕ್ಕುಗಳ ಸನ್ನದೊಂದನ್ನು ಸೇರಿಸಿದರು. ಅದು ಸ್ತುತ್ಯವಾದ ಕಾರ್ಯ. ೨೦೨೫ರ ನವೆಂಬರ್ ೨೧ರಿಂದ ಜಾರಿಗೆ ಬಂದ ವೇತನ ಸಂಹಿತೆಯ ಪ್ರಕಾರ ಕನಿಷ್ಠ ವೇತನವು ಎಲ್ಲ ಉದ್ಯೋಗಗಳಿಗೂ ಅನ್ವಯಿಸುವುದು, ಸಂಸ್ಥೆಯು ಎಷ್ಟೇ ಚಿಕ್ಕದಾಗಿರಲಿ. ತಿಂಗಳ ಸಂಬಳವು ಮರುತಿಂಗಳ ಏಳನೆಯ ತಾರೀಖಿನೊಳಗೆ ಸಲ್ಲಬೇಕು. ಕೆಲಸದಿಂದ ತೆಗೆದರೆ ಎರಡು ಕೆಲಸದ ದಿನಗಳೊಳಗೆ ಬಾಕಿ ಚುಕ್ತಾ ಆಗಬೇಕು. ಬನಶಂಕರಿಯ ಅಡ್ಡರಸ್ತೆಯೊಂದರ ಹಿಂಬದಿಯ ಕೋಣೆಯಲ್ಲಿ ಮಲಗುವ ಹುಡುಗಿಗೆ ಇದನ್ನು ಓದಿಹೇಳುವವರಾರು?

ಈ ಗೃಹಗಳಲ್ಲಿ ತಾಯಿಯನ್ನೋ ತಂದೆಯನ್ನೋ ಇರಿಸಿರುವ ಗೃಹಸ್ಥರು ನಮ್ಮ ವಾಚಕರಲ್ಲಿಯೇ ಅನೇಕರಿದ್ದಾರು. ಅವರು ತಿಂಗಳ ಹಣ ಕಟ್ಟುವಾಗ ಹಾಸಿಗೆಯ ಶುಭ್ರತೆಯನ್ನೂ ಊಟದ ರುಚಿಯನ್ನೂ ವಿಚಾರಿಸುವರು; ಅಮ್ಮನನ್ನು ಎತ್ತುವ ಕೈಗಳಿಗೆ ಬೇರೆಬೇರೆಯಾಗಿ ಸಂಬಳ ಸಲ್ಲುತ್ತಿದೆಯೇ, ವಾರಕ್ಕೊಂದು ದಿನ ಬಿಡುವುಂಟೇ ಎಂದೂ ಒಂದು ಮಾತು ಕೇಳಲಿ. ಕೇಳುವ ಹಕ್ಕು ಹಣ ಕೊಡುವವರಿಗೆ ಇದ್ದೇ ಇದೆ.

ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ನೋಂದಣಿ ಪ್ರಾಧಿಕಾರದವರು ಇನ್ನು ಮುಂದೆ ಶುಶ್ರೂಷಾಗೃಹಗಳ ಪರವಾನಗಿಯನ್ನು ನವೀಕರಿಸುವ ಮೊದಲು ಕೆಲಸದವರೆಲ್ಲರ ಹೆಸರು, ಪಾಳಿ, ಸಂಬಳ ಮತ್ತು ಪರಸ್ಪರ ನಂಟಸ್ತಿಕೆಯನ್ನು ತೋರಿಸುವ ಪಟ್ಟಿಯನ್ನು ತರಿಸಿಕೊಳ್ಳಲಿ. ವೃದ್ಧಾಶ್ರಮವೆಂಬ ಹೆಸರಿನಲ್ಲಿ ಶುಶ್ರೂಷೆ ನಡೆಯಿಸುವ ಮನೆಗಳಿಂದ ಹಿರಿಯ ನಾಗರಿಕರ ಇಲಾಖೆಯವರು ಅದೇ ಪಟ್ಟಿಯನ್ನು ಕೇಳಲಿ. ಕಾರ್ಮಿಕ ಇಲಾಖೆಯ ನಿರೀಕ್ಷಕರು ಸ್ಥಳಕ್ಕೆ ಹೋದಾಗ ಗಂಡನೆದುರಿಗೆ ಹೆಂಡತಿಯನ್ನಾಗಲಿ, ಅಕ್ಕನೆದುರಿಗೆ ತಂಗಿಯನ್ನಾಗಲಿ ಪ್ರಶ್ನಿಸದೆ ಒಬ್ಬೊಬ್ಬರನ್ನೇ ಪ್ರತ್ಯೇಕವಾಗಿ, ಅವರವರ ಭಾಷೆಯಲ್ಲಿ ವಿಚಾರಿಸಲಿ. ಜಯನಗರದ ಒಂದೆರಡು ಬ್ಲಾಕುಗಳಿಂದಲೇ ಇದನ್ನು ಪ್ರಾರಂಭಿಸುವುದಕ್ಕೆ ಹೊಸ ಶಾಸನವೂ ಬೇಕಾಗಿಲ್ಲ, ದೊಡ್ಡ ವೆಚ್ಚವೂ ಬೇಕಾಗಿಲ್ಲ.